ಲಾಳದ ಯಂತ್ರದ ಮೇಲಿನ ಡೊಂಕು ಬಾಣ

ನಮ್ಮ ಲಾಂಗ್‌ಮೋರ್ ಯಜಮಾನರ ಕಾರ್ಖಾನೆಯಲ್ಲಿ, ಬೆಳ್ಳಿ ಲೇಪದ ತೊಟ್ಟಿಗಳ ಕೋಣೆಯ ಮೂಲೆಯಲ್ಲಿ, ಹಳೆಯ ಲಾಳದ ಯಂತ್ರ ಇನ್ನೂ ನಿಂತಿದೆ. ಅದನ್ನು ಈಗ ಯಾರೂ ಓಡಿಸುವುದಿಲ್ಲ, ಹೊಸವು ಬಂದಿವೆ. ಅದರ ಮರದ ಚೌಕಟ್ಟಿನ ಮೇಲೆ ಕೆಂಪು ಬಣ್ಣದಲ್ಲಿ ಒಂದು ಬಾಣ ಬರೆದಿದೆ. ಬಾಣ ಎನ್ನಲು ಧೈರ್ಯ ಬೇಕು, ಎರೆಹುಳ ತೆವಳಿದ ಹಾಗಿದೆ. ನೋಡಲು ಬಂದ ದೊಡ್ಡ ಮನುಷ್ಯರು "ಇದನ್ನ ಬರೆದೋನು ಎಷ್ಟು ಏರಿಸಿದ್ದ?" ಎಂದು ಕೇಳಿ ನಗುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಬರೆದವನು ಈನಾಕ್ ಟ್ರಾಂಟರ್. ಅವತ್ತು ಅವನು ಒಂದು ತೊಟ್ಟು ಬಿಯರನ್ನೂ ಬಾಯಿಗೆ ಹಾಕಿರಲಿಲ್ಲ. ಬೇಕಾದರೆ ನನ್ನನ್ನು ಕೇಳಿ, ನಾನು ಪಕ್ಕದಲ್ಲೇ ಇದ್ದೆ.

ನಾನು ಡಾರ್ಕಸ್. ತೊಟ್ಟಿಯಿಂದ ಎದ್ದು ಬಂದ ಬೆಳ್ಳಿ ಸಾಮಾನಿಗೆ ಕಲ್ಲಿನಿಂದ ಉಜ್ಜಿ ಮೆರುಗು ಕೊಡುವುದು ನನ್ನ ಕಸುಬು. ಈನಾಕ್ ಮತ್ತು ಅವನ ಹೆಂಡತಿ ಕೆಜಾಯಾ ನಮ್ಮ ವಠಾರದಲ್ಲೇ ಇದ್ದವರು. ಅವರ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ, ಅದೂ ಅರ್ಧ ಇಟ್ಟಿಗೆಯದು. ಅವರು ಜಗಳವಾಡಿದರೆ ನನಗೆ ನಿದ್ದೆ ಇಲ್ಲ, ನಾನು ಕೆಮ್ಮಿದರೆ ಅವರಿಗಿಲ್ಲ. ಆದ್ದರಿಂದ ನಾನು ಹೇಳುವುದು ಕೇಳಿದ ಮಾತು ಹೌದು, ಆದರೆ ಸರಿಯಾಗಿ ಕೇಳಿದ ಮಾತು.

ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದವರು ಕೋಟಿನ ಗುಂಡಿ ಮಾಡುತ್ತಾರೆ, ಇಲ್ಲವೇ ಬಂದೂಕು ಮಾಡುತ್ತಾರೆ. ಈನಾಕನ ಅಪ್ಪ ಗುಂಡಿಗಳಿಗೆ ಗಿಲೀಟು ಹಾಕುತ್ತಿದ್ದ, ಮಗನೂ ಅದನ್ನೇ ಕಲಿತ. ಚಿನ್ನವನ್ನು ಪಾದರಸದಲ್ಲಿ ಕರಗಿಸಿದರೆ ಬೆಣ್ಣೆಯ ಹಾಗಾಗುತ್ತದೆ. ಅದನ್ನು ಹಿತ್ತಾಳೆ ಗುಂಡಿಗಳಿಗೆ ಸವರಿ, ಬಾಣಲೆಗೆ ಹಾಕಿ, ಬೆಂಕಿಯ ಮೇಲೆ ಹುರಿಯಬೇಕು. ಪಾದರಸ ಹೊಗೆಯಾಗಿ ಹೋಗುತ್ತದೆ, ಚಿನ್ನ ಗುಂಡಿಗೆ ಅಂಟಿಕೊಂಡು ಉಳಿಯುತ್ತದೆ. ಆ ಹೊಗೆ ಎಲ್ಲಿಗೆ ಹೋಗುತ್ತದೆಂದು ಆ ಗುಂಡಿಗಳ ಕೋಟು ತೊಡುವ ಸೇನಾಧಿಕಾರಿ ಯಾವತ್ತೂ ಕೇಳಿಲ್ಲ. ಸ್ವಲ್ಪ ಚಿಮಣಿಗೆ ಹೋಗುತ್ತದೆ, ಮಿಕ್ಕಿದ್ದು ಈನಾಕನಂಥವರ ಎದೆಗೆ.

ನಮ್ಮಲ್ಲಿ ಗಿಲೀಟಿನವರನ್ನು ಗುರುತಿಸಲು ಮುಖ ನೋಡಬೇಕಾಗಿಲ್ಲ, ಚಹಾದ ಬಸಿ ನೋಡಿದರೆ ಸಾಕು. ಕೈ ನಡುಗಿ ಕಪ್ಪು ಕಟಕಟ ಎನ್ನುತ್ತದೆ, ಅರ್ಧ ಚಹಾ ಬಸಿಗೆ ಬೀಳುತ್ತದೆ. ಹೊಗೆಯ ಕೆಲಸವನ್ನು ಬೇಗ ಬಿಟ್ಟರೆ ನಡುಕ ತಾನೇ ಇಳಿಯುತ್ತದೆ, ತಡವಾದರೆ ಗೋರಿಯವರೆಗೂ ಜೊತೆಗೆ ಬರುತ್ತದೆ. ಇದು ವಠಾರದ ಹಸುಗೂಸಿಗೂ ಗೊತ್ತು. ಈನಾಕ್ ತಡ ಮಾಡಿದ್ದ. ಮದುವೆಯಾದ ಹೊಸದರಲ್ಲಿ ಊರಿನ ಒಳ್ಳೆಯ ಕೈ ಎಂದು ಹೆಸರು ಪಡೆದಿದ್ದವನು, ಮೂವತ್ತೈದು ದಾಟುವ ಹೊತ್ತಿಗೆ ತನ್ನ ಅಂಗಿಯ ಗುಂಡಿಯನ್ನೇ ಹಾಕಿಕೊಳ್ಳಲಾರದೆ ಹೋದ. ಬೆಳಿಗ್ಗೆ ಕೆಜಾಯಾ ಹಾಕಿಕೊಡುತ್ತಿದ್ದಳು. ಮಕ್ಕಳು ಎರಡು ಹುಟ್ಟಿ ಎರಡೂ ಹೋದವು.

ಗಿಲೀಟಿನ ಅಂಗಡಿಯವನು ಈನಾಕನನ್ನು ಕೆಲಸದಿಂದ ಬಿಡಿಸಿ, "ನಿನ್ನ ಹೆಂಡ್ತಿ ಕೈ ಚೆನ್ನಾಗಿದ್ಯಲ್ಲ, ಅವಳನ್ನ ಕಳಿಸು" ಎಂದನಂತೆ. ಆ ರಾತ್ರಿಯ ಮಾತು ಗೋಡೆ ದಾಟಿ ಬಂತು.

"ಆ ಹೊಗೆಗೆ ನೀನು ಹೋಗಬೇಡ ಕಣೇ."

"ಹೋಗದೆ? ನಿನ್ನ ಮುಖ ನೋಡ್ಕೊಂಡು ಕೂತ್ರೆ ಒಲೆ ಉರಿಯುತ್ತಾ?"

"ನನ್ನ ಕೈ ನೋಡೇ."

"ದಿನಾ ನೋಡ್ತಾನೇ ಇದೀನಿ. ಗುಂಡಿ ಹಾಕೋಳು ನಾನೇ ಅಲ್ವಾ?"

"ಬೇರೆ ಕೆಲಸ ಸಿಕ್ಕೋವರೆಗೆ ಮಾತ್ರ. ಮಾತು ಕೊಡು."

"ಕೊಟ್ಟೆ ಮಾರಾಯ. ಈಗ ಮಲಗು, ಆ ಡಾರ್ಕಸಕ್ಕ ಗೋಡೆಗೆ ಕಿವಿ ಕೊಟ್ಟಿರ್ತಾಳೆ."

ನಾನು ಕಿವಿ ಕೊಟ್ಟಿರಲಿಲ್ಲ. ಕಿವಿ ಅದರ ಜಾಗದಲ್ಲೇ ಇತ್ತು, ಗೋಡೆ ತೆಳ್ಳಗಿತ್ತು, ಅಷ್ಟೆ.

ಲಾಳದ ಯಂತ್ರ ಬಂದದ್ದು ಅದರ ಮುಂದಿನ ವರ್ಷ. ಅದಕ್ಕೆ ಮೊದಲು ನಮ್ಮಲ್ಲಿ ಬೆಳ್ಳಿ ಲೇಪಕ್ಕೆ ಬೇಕಾದ ವಿದ್ಯುತ್ತು ಆಮ್ಲದ ಜಾಡಿಗಳಿಂದ ಬರುತ್ತಿತ್ತು. ಸಾಲು ಸಾಲು ಜಾಡಿ, ಮೂಗು ಸೀದುಹೋಗುವ ವಾಸನೆ. ಬೆಳಿಗ್ಗೆ ಚುರುಕಾಗಿದ್ದ ಜಾಡಿ ಸಂಜೆಗೆ ಮುದಿ ಕುದುರೆಯಂತೆ ಮಲಗುತ್ತಿತ್ತು. ಯಜಮಾನರಿಗೆ ಸಾಕಾಗಿತ್ತು. ವೇಲ್ ಎಂಬ ಯಂತ್ರಗಾರ "ಆಮ್ಲ ಬೇಡ, ಜಾಡಿ ಬೇಡ, ಬರೀ ಚಕ್ರ ತಿರುಗಿಸಿ ವಿದ್ಯುತ್ತು ಕೊಡ್ತೀನಿ" ಎಂದಾಗ, ಮುಳುಗುವವನು ಹುಲ್ಲುಕಡ್ಡಿ ಹಿಡಿದ ಹಾಗೆ ಅವನನ್ನು ಹಿಡಿದುಕೊಂಡರು.

ಯಂತ್ರ ಗಾಡಿಯಲ್ಲಿ ತುಂಡು ತುಂಡಾಗಿ ಬಂತು. ಆಳೆತ್ತರದ ಮರದ ಚೌಕಟ್ಟು, ಅದರ ಸುತ್ತ ಲಾಳದ ಆಕಾರದ ದಪ್ಪ ದಪ್ಪ ಅಯಸ್ಕಾಂತಗಳು, ಅವುಗಳ ನಡುವೆ ತಂತಿ ಸುತ್ತಿದ ಉಂಡೆಗಳನ್ನು ಹೊತ್ತ ಚಕ್ರ. ನಮ್ಮ ಕಾರ್ಖಾನೆ ಇರುವ ಮಿಲ್ಲಿನಲ್ಲಿ ಕೆಳಗೊಂದು ದೊಡ್ಡ ಉಗಿ ಇಂಜಿನ್ನು. ಅದರಿಂದ ಮೇಲಿನ ಅಂತಸ್ತುಗಳಿಗೆಲ್ಲ ಒಂದು ಉದ್ದನೆಯ ಕಬ್ಬಿಣದ ದಂಡ ತಿರುಗುತ್ತಿತ್ತು. ಯಾರಿಗೆ ಬೇಕೋ ಅವರು ಬಾಡಿಗೆ ಕೊಟ್ಟು, ದಂಡಕ್ಕೆ ತೊಗಲಿನ ಬೆಲ್ಟು ಹಾಕಿ, ತಮ್ಮ ಚಕ್ರ ತಿರುಗಿಸಿಕೊಳ್ಳಬಹುದು. ಪಕ್ಕದ ಕೋಣೆಯಲ್ಲಿ ಸ್ಯಾಂಪ್ಸನ್ ಗ್ರೈಸ್ ಹಿತ್ತಾಳೆ ಹಿಡಿಕೆಗಳಿಗೆ ಸಾಣೆ ಹಿಡಿಯುತ್ತಿದ್ದ. ಬಾಯಿ ದೊಡ್ಡದು, ಮನಸ್ಸು ಕೆಟ್ಟದ್ದಲ್ಲ. ಯಂತ್ರ ನೋಡಲು ಬಂದವರಲ್ಲಿ ಅವನೇ ಮುಂದೆ.

"ಇಷ್ಟೊಂದು ಲಾಳ ತಂದಿದೀರಿ ವೇಲ್ ಸಾಹೇಬ್ರೆ, ಕುದುರೆ ಎಲ್ಲಿ?"

"ಕೆಳಗಿದೆ. ಕಲ್ಲಿದ್ದಲು ಮೇಯ್ತಾ ಇದೆ" ಎಂದ ವೇಲ್.

ಅವತ್ತಿನಿಂದ ಅದಕ್ಕೆ ಲಾಳದ ಯಂತ್ರವೆಂದೇ ಹೆಸರಾಯಿತು.

ಮೊದಮೊದಲು ಅದು ಯಾರ ಮಾತನ್ನೂ ಕೇಳಲಿಲ್ಲ. ಒಂದು ದಿನ ಕಿಡಿ ಹಾರಿಸಿತು, ಇನ್ನೊಂದು ದಿನ ತಂತಿ ಸುಟ್ಟಿತು, ಮತ್ತೊಂದು ದಿನ ಭರ್ರೆಂದು ತಿರುಗಿದರೂ ಚಮಚಕ್ಕೆ ಬೆಳ್ಳಿ ಹಿಡಿಯಲಿಲ್ಲ. ವೇಲ್ ಊಟ ಬಿಟ್ಟು ಅದರ ಕಾಲ ಬುಡದಲ್ಲೇ ಬಿದ್ದಿರುತ್ತಿದ್ದ. ತಂತಿ ಬಿಚ್ಚುವನು, ಸುತ್ತುವನು. ಚಕ್ರದ ಅಚ್ಚಿಗೆ ಸೀಳಿದ ಹಿತ್ತಾಳೆ ಉಂಗುರವೊಂದಿತ್ತು, ಅದನ್ನು ಎರಡು ತಗಡಿನ ನಾಲಿಗೆಗಳು ಸವರುತ್ತಿದ್ದವು. ಆ ಉಂಗುರವನ್ನು ಅರದಿಂದ ಉಜ್ಜುವನು, ನೋಡುವನು, ತಲೆ ಕೆರೆದುಕೊಳ್ಳುವನು. ಕೊನೆಗೆ ಅವನು ಯಜಮಾನರಿಗೆ ಹೇಳಿದ್ದು: ಉಂಗುರವನ್ನು ಒರೆಸಿ, ಎಣ್ಣೆ ಬಿಟ್ಟು, ನಾಲಿಗೆ ಸವೆದಾಗ ಮುಂದಕ್ಕೆ ತಳ್ಳಿ, ದಿನವಿಡೀ ಕಣ್ಣಿಟ್ಟು ಕೂರಲು ಒಬ್ಬ ಬೇಕು.

ಆ ಸುದ್ದಿಯನ್ನು ಈನಾಕನಿಗೆ ಮುಟ್ಟಿಸಿದವಳು ನಾನೇ. ಅವನು ತೊಳೆದ ಅಂಗಿ ತೊಟ್ಟು ಬಂದು ನಿಂತ. ಯಜಮಾನರು ಅವನ ಕೈ ನೋಡಿ ಮುಖ ಸಿಂಡರಿಸಿದರು.

"ಕೈ ನಡುಗಿದ್ರೂ ಪರವಾಗಿಲ್ಲ" ಎಂದ ವೇಲ್. "ಇದಕ್ಕೆ ಕಣ್ಣು ಬೇಕು, ತಾಳ್ಮೆ ಬೇಕು. ಗಿಲೀಟಿನವರಿಗೆ ಅವೆರಡೂ ಇರುತ್ತೆ."

ಈನಾಕ್ ಅವನಿಂದ ಕೆಲಸ ಕಲಿತ. ವೇಲ್ ಉಂಗುರ ತೋರಿಸಿ ಹೇಳುತ್ತಿದ್ದದ್ದು ನನಗೆ ನೆನಪಿದೆ: "ತಂತಿ ಒಳಗೆ ವಿದ್ಯುತ್ತು ಗರಗಸದ ಥರ, ಆ ಕಡೆ ಒಂದ್ಸಲ, ಈ ಕಡೆ ಒಂದ್ಸಲ. ಹಾಗೇ ಹೊರಗೆ ಬಿಟ್ರೆ ಬೆಳ್ಳಿ ಹೋಗೋದೂ ಇಲ್ಲ, ಬರೋದೂ ಇಲ್ಲ. ಈ ಸೀಳು ಉಂಗುರ ಬಾಗಿಲು ಕಾಯೋನು. ಎಲ್ಲಾನೂ ಒಂದೇ ಕಡೆಗೆ ಹೊರಗೆ ಬಿಡುತ್ತೆ. ಅದಕ್ಕೇ ತೊಟ್ಟೀಲಿ ತೂಗುಹಾಕಿರೋ ಬೆಳ್ಳಿ ತಗಡಿಂದ ಬೆಳ್ಳಿ ಎದ್ದು ಪಾತ್ರೆಗೆ ಹೋಗಿ ಕೂರುತ್ತೆ."

"ಯಾವ ಕಡೆಗೆ ಬಿಡಬೇಕು ಅಂತ ಉಂಗುರಕ್ಕೆ ಹೇಗೆ ಗೊತ್ತು ಸಾಹೇಬ್ರೆ?"

ವೇಲ್ ಬಾಯಿ ತೆರೆದ. ಅಷ್ಟರಲ್ಲಿ ಯಜಮಾನರು ಕೂಗಿದರು, ಅವನು ಎದ್ದು ಹೋದ. ಉತ್ತರ ಅವನ ಹೊಟ್ಟೆಯಲ್ಲೇ ಉಳಿಯಿತು. ನಾನು ಇದನ್ನು ಯಾರ ಮೇಲೂ ತಪ್ಪು ಹೊರಿಸಲು ಹೇಳುತ್ತಿಲ್ಲ. ಆದದ್ದು ಹೀಗೆ.

ಎಲೆ ಉದುರುವ ಹೊತ್ತಿಗೆ ಯಂತ್ರ ಪಳಗಿತು, ಜಾಡಿಗಳು ಅಟ್ಟ ಸೇರಿದವು. ಕೆಲಸ ಹೆಚ್ಚಿತು. ತೊಟ್ಟಿಗೆ ಇಳಿಸುವ ಮುಂಚೆ ಪಾತ್ರೆಗಳನ್ನು ಮರಳು, ಸೌಳು ಹಾಕಿ ತಿಕ್ಕಿ ತಂತಿ ಕಟ್ಟಲು ಇನ್ನೊಬ್ಬಳು ಬೇಕಾದಳು. ಈನಾಕ್ ಯಜಮಾನರ ಮುಂದೆ ಟೋಪಿ ಹಿಸುಕುತ್ತ ನಿಂತು ಕೇಳಿದ. ಕೆಜಾಯಾ ಗಿಲೀಟಿನ ಹೊಗೆ ಬಿಟ್ಟು ನಮ್ಮಲ್ಲಿಗೆ ಬಂದಳು. ಆ ಸಂಜೆ ಗೋಡೆಯಾಚೆ ಈನಾಕ್ ಹಾಡುತ್ತಿದ್ದ. ಕತ್ತೆ ಕೂಗಿದ ಹಾಗಿತ್ತು, ಆದರೂ ನಾನು ಗೋಡೆ ಬಡಿಯಲಿಲ್ಲ. ನನಗೂ ಸಂತೋಷವಾಗಿತ್ತು.

ಇನ್ನು ಬೆಲ್ಟಿನ ವಿಷಯ. ಸೋಮವಾರ ನಮ್ಮೂರಲ್ಲಿ ಯಾರೂ ಕೆಲಸಕ್ಕೆ ಹೋಗುವುದಿಲ್ಲ. ಭಾನುವಾರ ದೇವರದು, ಸೋಮವಾರ ನಮ್ಮದು. ಬೀಗ ಹಾಕಿದ ಮಿಲ್ಲಿನಲ್ಲಿ ಒಳ್ಳೆಯ ತೊಗಲಿನ ಬೆಲ್ಟನ್ನು ಬಿಟ್ಟು ಬಂದರೆ, ಮಂಗಳವಾರ ಅದು ಯಾರದೋ ಬೂಟಿನ ಅಟ್ಟೆಯಾಗಿ ಬೀದಿಯಲ್ಲಿ ನಡೆಯುತ್ತಿರುತ್ತದೆ. ಹಾಗಾಗಿ ಶನಿವಾರ ಎಲ್ಲರೂ ತಂತಮ್ಮ ಬೆಲ್ಟು ಬಿಚ್ಚಿ ಹೆಗಲಿಗೆ ಸುತ್ತಿಕೊಂಡು ಮನೆಗೆ ಒಯ್ಯುತ್ತಾರೆ, ಮಂಗಳವಾರ ತಂದು ಹಾಕುತ್ತಾರೆ. ಈನಾಕ್ ತನ್ನದನ್ನು ಮಂಚದ ಕೆಳಗೆ ಇಡುತ್ತಿದ್ದ. ನಮ್ಮ ವಠಾರದ ನೆಲಕ್ಕೆ ಥಂಡಿ ಜಾಸ್ತಿ. ಒಂದು ಮಂಗಳವಾರ ಬೆಲ್ಟು ಹಸಿಯಾಗಿ ಹಿಗ್ಗಿ, ಚಕ್ರದ ಮೇಲೆ ಜಾರತೊಡಗಿತು. ದಂಡ ತಿರುಗುತ್ತದೆ, ಲಾಳದ ಯಂತ್ರ ಅಲುಗುವುದಿಲ್ಲ. ತೊಟ್ಟಿಯಲ್ಲಿ ಚಾಪೆಲ್ಲೆಂಬ ಪ್ರಾರ್ಥನಾಮಂದಿರದ ಪ್ರಭುಭೋಜನದ ತಾಮ್ರದ ಪಾತ್ರೆಗಳಿದ್ದವು. ಶನಿವಾರವೇ ಮುಕ್ಕಾಲು ಬೆಳ್ಳಿಯೇರಿತ್ತು, ಅವತ್ತು ಮುಗಿಯಬೇಕಿತ್ತು.

ಸ್ಯಾಂಪ್ಸನ್ ಬಾಗಿಲಲ್ಲಿ ತಲೆ ಹಾಕಿದ. "ಏನೋ ಈನಾಕ್, ನಿನ್ನ ಕುದುರೆ ಮಲಗಿದ್ಯಾ?"

"ಬೆಲ್ಟು ಜಾರ್ತಾ ಇದೆ ಕಣಯ್ಯಾ."

"ಕತ್ತರಿ ಹಾಕೋ. ನಡುವೆ ಒಂದು ತಿರುಚು ಕೊಟ್ಟು ಹಾಕು, ಕಚ್ಚಿ ಹಿಡ್ಕೊಳ್ಳುತ್ತೆ. ಜಾರೋ ಬೆಲ್ಟಿಗೆ ಅದೇ ಮದ್ದು, ನಮ್ಮಪ್ಪನ ಕಾಲದ್ದು."

"ಹಾಗೆ ಹಾಕಿದ್ರೆ ಚಕ್ರ ಉಲ್ಟಾ ತಿರುಗುತ್ತಲ್ಲೋ?"

"ತಿರುಗ್ಲಿ! ನನ್ನ ಸಾಣೆ ಉಲ್ಟಾ ತಿರುಗಿದ್ರೆ ನಾನು ಈ ಬದಿ ಬಿಟ್ಟು ಆ ಬದಿ ಕೂರ್ತೀನಿ. ಚಕ್ರ ಅಂದ್ರೆ ಚಕ್ರ. ಅದಕ್ಕೇನು ಪೂರ್ವ ಪಶ್ಚಿಮ ಗೊತ್ತಾ?"

ಮಿಲ್ಲಿನಲ್ಲಿ ಎಲ್ಲರೂ ಮಾಡುವುದು ಅದನ್ನೇ. ಈನಾಕ್ ಕತ್ತರಿ ಹಾಕಿದ. ಬೆಲ್ಟು ಕಚ್ಚಿಕೊಂಡಿತು, ಯಂತ್ರ ಎಂದಿಲ್ಲದ ಹುಮ್ಮಸ್ಸಿನಲ್ಲಿ ತಿರುಗಿತು. ಅವನು ಖುಷಿಯಿಂದ ಎಣ್ಣೆ ಬಿಟ್ಟುಕೊಂಡು ಕುಳಿತ.

ಊಟದ ಹೊತ್ತಿಗೆ ಯಜಮಾನರು ಬಂದು ಪಾತ್ರೆಗಳನ್ನು ಮೇಲಕ್ಕೆತ್ತಿಸಿದರು. ಬೆಳ್ಳಿ ಹೆಚ್ಚಾಗುವುದಿರಲಿ, ಇದ್ದದ್ದೂ ಹೋಗಿತ್ತು. ಬಟ್ಟಲುಗಳ ಮೈಯೆಲ್ಲ ತಾಮ್ರದ ಕೆಂಪು, ಕಜ್ಜಿ ಹತ್ತಿದ ಹಾಗೆ. ಲೇಪ ಕೆಟ್ಟರೆ ಯಾರೇ ಆಗಲಿ ಮೊದಲು ನೋಡುವುದು ತಿಕ್ಕಿದ ಕೈಯನ್ನು, ಯಾಕೆಂದರೆ ಜಿಡ್ಡು ಉಳಿದರೆ ಬೆಳ್ಳಿ ನಿಲ್ಲುವುದಿಲ್ಲ. ಯಜಮಾನರು ಸುತ್ತ ನೋಡಿದರು. ಅವರ ಕಣ್ಣು ಕೆಜಾಯಾಳ ಮೇಲೆ ನಿಂತಿತು.

"ನೀನು ಗಿಲೀಟಿನ ಅಂಗಡಿಯಿಂದ ಬಂದವಳಲ್ವಾ? ಪಾದರಸ ಬೆಳ್ಳಿನ ತಿಂದುಹಾಕುತ್ತೆ. ನಿನ್ನ ಕೈಗೆ, ಬಟ್ಟೆಗೆ ಪಾದರಸ ಹತ್ತಿದೆ."

"ತಿಕ್ಕಿ ತಿಕ್ಕಿ ಚರ್ಮ ಸುಲಿದುಹೋಗಿದೆ ಯಜಮಾನ್ರೆ. ನೋಡಿ ಬೇಕಾದ್ರೆ."

ಅವರು ನೋಡಲಿಲ್ಲ. "ನಾಳೆಯಿಂದ ಬರಬೇಡ" ಎಂದು ಮೆಟ್ಟಿಲು ಹತ್ತಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ಆ ಗಾದೆ ಕಟ್ಟಿದವರು ನಮ್ಮ ಕಾರ್ಖಾನೆಯನ್ನು ನೋಡಿರಬೇಕು. ಈನಾಕ್ ಎಣ್ಣೆ ಬಟ್ಟೆ ಹಿಡಿದುಕೊಂಡು ನಿಂತೇ ಇದ್ದ.

ಮಧ್ಯಾಹ್ನ ಯಂತ್ರ ನಿಂತಿತು. ಬಿಡುವಿತ್ತೆಂದು ಈನಾಕ್ ಬೆಲ್ಟನ್ನು ಹೊಲಿಯುವವನ ಹತ್ತಿರ ಒಯ್ದು, ಹಿಗ್ಗಿದ್ದಷ್ಟನ್ನು ಕತ್ತರಿಸಿ ಹೊಲಿಸಿಕೊಂಡು ಬಂದ. ಮರುದಿನ ಅದು ಬಿಗಿಯಾಗಿ ಕೂತಿತು, ಕತ್ತರಿ ಬೇಕಾಗಲಿಲ್ಲ, ನೇರವಾಗಿಯೇ ಹಾಕಿದ. ಬೆಳ್ಳಿ ಹಾಲಿನ ಹಾಗೆ ಏರಿತು. "ನೋಡಿದ್ರಾ?" ಎಂದರು ಯಜಮಾನರು. "ಅವಳು ಹೋದಳು, ಬೆಳ್ಳಿ ಬಂತು."

ಅವತ್ತು ಸಂಜೆ ಗೋಡೆಯಾಚೆಯಿಂದ ಈನಾಕನ ದನಿ ಕೇಳಿತು.

"ನಿಜ ಹೇಳು ಕೆಜಾಯಾ. ಕೈ ಸರಿಯಾಗಿ ತೊಳ್ಕೊಂಡಿದ್ಯಾ?"

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುಂದಿನ ವಾರ ಅವಳು ಗಿಲೀಟಿನ ಅಂಗಡಿಗೆ ಹಿಂತಿರುಗಿದಳು. ಬೇರೆಲ್ಲೂ ಅವಳನ್ನು ಕರೆಯಲಿಲ್ಲ, ಪಾದರಸದ ಕೈ ಎಂಬ ಮಾತು ಊರೆಲ್ಲ ಹಬ್ಬಿತ್ತು.

ಚಳಿಗಾಲ ಕಳೆಯಿತು. ಒಂದು ಭಾನುವಾರ ಕೆಜಾಯಾ ನನ್ನ ಮನೆಗೆ ಬಂದಳು. ಕೊಬ್ಬು ಸವರಿದ ರೊಟ್ಟಿ, ಚಹಾ ಕೊಟ್ಟೆ. ಯಾರ ಮನೆಯ ಸೀಮೆಸುಣ್ಣ ಮೂತಿಯ ಸೊಸೆಯನ್ನೋ ಆಡಿಕೊಂಡು ನಗುತ್ತಿದ್ದೆವು. ಅವಳು ಕಪ್ಪೆತ್ತಿದಳು. ಬಸಿ ಕಟಕಟ ಎಂದಿತು. ಸಣ್ಣ ಸದ್ದು, ಆದರೂ ಇಬ್ಬರಿಗೂ ಕೇಳಿಸಿತು. ಅವಳು ಕಪ್ಪು ಕೆಳಗಿಟ್ಟು, ಕೈಯನ್ನು ಮಡಿಲಲ್ಲಿ ಹುದುಗಿಸಿಕೊಂಡಳು.

"ಚಳಿ ಅಕ್ಕಾ" ಎಂದಳು.

"ಹೂಂ, ಚಳಿ" ಎಂದೆ. ಒಲೆಯಲ್ಲಿ ಬೆಂಕಿ ಧಗಧಗ ಉರಿಯುತ್ತಿತ್ತು. ಬಸಿಯಲ್ಲಿ ಎರಡು ಮೂರು ಹನಿ ಚಹಾ ಇತ್ತು.

ಈನಾಕನಿಗೂ ಗೊತ್ತಾಗಿತ್ತು. ಕೆಲಸ ಮುಗಿಸಿ ಊರಿನ ಬಾಗಿಲು ಬಾಗಿಲಿಗೆ ಹೋಗಿ ಹೆಂಡತಿಗೊಂದು ಬೇರೆ ಕೆಲಸ ಬೇಡಿದ. "ಪಾದರಸದವಳಲ್ವಾ?" ಎಂದು ಕೇಳಿ ಬಾಗಿಲು ಹಾಕಿಕೊಂಡರು.

ಮಳೆ ಹಿಡಿದ ಏಪ್ರಿಲ್ ತಿಂಗಳ ಒಂದು ಮಂಗಳವಾರ ಬೆಲ್ಟು ಮತ್ತೆ ಹಿಗ್ಗಿತು. ಸಣ್ಣ ತೊಟ್ಟಿಯಲ್ಲಿ ಒಂದಿಷ್ಟು ಚಮಚಗಳನ್ನು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಸಾಣೆ ಕೋಣೆಯಿಂದ ಸ್ಯಾಂಪ್ಸನ್ ಕೂಗಿದ: "ಕತ್ತರಿ ಹಾಕೋ, ಕತ್ತರಿ!" ಈನಾಕ್ ಹಾಕಿದ. ಸ್ವಲ್ಪ ಹೊತ್ತಿಗೆ ನಾನು ಮೆರುಗಿಗೆಂದು ಚಮಚ ತರಲು ಇಳಿದು ಹೋದೆ. ಎತ್ತಿ ನೋಡಿದರೆ ತಾಮ್ರ ಕೆಂಪಗೆ ಇಣುಕುತ್ತಿದೆ.

"ಇದೇನೋ ಈನಾಕ್? ಬೆಳಿಗ್ಗೆ ಬೆಳ್ಳಗಿತ್ತಲ್ಲೋ ಇದು!"

ಅವನು ಚಮಚ ಕೈಗೆ ತೆಗೆದುಕೊಂಡ. ತೊಟ್ಟಿಯಲ್ಲಿ ತೂಗುಬಿಟ್ಟಿದ್ದ ಬೆಳ್ಳಿ ತಗಡನ್ನು ನೋಡಿದ. ದಿನ ದಿನ ಸವೆಯಬೇಕಾದ ತಗಡಿನ ಅಂಚಿಗೆ ಹೊಸ ಬೆಳ್ಳಿ ಬೂಷ್ಟಿನ ಹಾಗೆ ಹತ್ತಿತ್ತು. ಆಮೇಲೆ ಅವನು ತಲೆಯೆತ್ತಿ ಬೆಲ್ಟು ನೋಡಿದ. ಬೆಲ್ಟು ಬಿಚ್ಚಿ, ಜಾರದಿರಲೆಂದು ರಾಳದ ಪುಡಿ ಉದುರಿಸಿ, ನೇರವಾಗಿ ಹಾಕಿ, ಕೈಯಲ್ಲಿ ಒತ್ತಿ ಹಿಡಿದು ಓಡಿಸಿದ. ಚಮಚಕ್ಕೆ ಬಿಳುಪು ಬಂತು. ಕತ್ತರಿ ಹಾಕಿದ. ಬಿಳುಪು ಹೋಯಿತು. ಮತ್ತೆ ನೇರ ಹಾಕಿದ, ಬಂತು. ಚಕ್ರ ತಿರುಗುವ ದಿಕ್ಕು ಬದಲಾದರೆ ವಿದ್ಯುತ್ತು ಓಡುವ ದಿಕ್ಕೂ ಬದಲಾಗುತ್ತದೆ. ಪಾತ್ರೆಗೆ ಬರಬೇಕಾದ ಬೆಳ್ಳಿ ಪಾತ್ರೆಯಿಂದ ಎದ್ದು ತಗಡಿಗೆ ಹೋಗುತ್ತದೆ. ವೇಲ್ ಅರ್ಧಕ್ಕೆ ಬಿಟ್ಟುಹೋದ ಉತ್ತರ ಅದು.

ಈನಾಕ್ ಚಮಚ ಹಿಡಿದುಕೊಂಡು ನೆಲದ ಮೇಲೆ ಕುಳಿತ.

"ಅವಳ ಕೈ ಅಲ್ಲ ಡಾರ್ಕಸಕ್ಕ. ನನ್ನ ಕೈ."

ಸ್ಯಾಂಪ್ಸನ್ ಅಷ್ಟರಲ್ಲಿ ಬಾಗಿಲಿಗೆ ಬಂದಿದ್ದ. ಅವನಿಗೂ ಅರ್ಥವಾಯಿತು. "ಬಾಯಿ ಮುಚ್ಕೊಂಡಿರು" ಎಂದ ತಗ್ಗಿದ ದನಿಯಲ್ಲಿ. "ಬೆಲ್ಟು ನೇರ ಹಾಕು, ಚಮಚಕ್ಕೆ ಮತ್ತೆ ಬೆಳ್ಳಿ ಹಿಡಿಸು. ಯಾರೂ ನೋಡಿಲ್ಲ. ಹೇಳಿದ್ರೆ ನಿನ್ನ ಕೆಲಸ ಹೋಗುತ್ತೆ. ಆ ನಡುಗೋ ಕೈಗೆ ಈ ಊರಲ್ಲಿ ಇನ್ಯಾವನು ಕೆಲಸ ಕೊಡ್ತಾನೆ?"

"ಹೇಳದೆ ಇದ್ರೆ ಅವಳ ಕೈ ಹೋಗುತ್ತಲ್ಲೋ ದೊಡ್ಡಬಾಯಿ!" ಎಂದು ನಾನು ಹಾರಿಬಿದ್ದೆ. "ಕತ್ತರಿ ಹಾಕ್ಸಿದ್ದು ನಿನ್ನ ನಾಲಿಗೆ. ಈಗ ಅದಕ್ಕೇ ಒಂದು ಕತ್ತರಿ ಹಾಕ್ಕೋ!"

ಈನಾಕ್ ನಮ್ಮಿಬ್ಬರ ಮಾತನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಎದ್ದ. ಬೆಲ್ಟು ಬಿಚ್ಚಿ ಹೆಗಲಿಗೆ ಹಾಕಿಕೊಂಡ, ಒಂದು ಕೆಂಪು ಚಮಚ ಹಿಡಿದುಕೊಂಡ, ಯಜಮಾನರ ಕೋಣೆಯ ಮೆಟ್ಟಿಲು ಹತ್ತಿದ. ಮೆಟ್ಟಿಲ ತುದಿಯಲ್ಲಿ ಒಂದು ಕ್ಷಣ ನಿಂತ. ಬಾಗಿಲು ತಟ್ಟಿದ.

ವೇಲ್ ಕೂಡ ಅಲ್ಲೇ ಇದ್ದ. ಬಾಗಿಲು ಹಾಕಲಿಲ್ಲವಾದ್ದರಿಂದ ನಾನು ಕೇಳಿದೆ. ಈನಾಕ್ ಸುತ್ತಿ ಬಳಸಿ ಹೇಳಲಿಲ್ಲ. "ಚಾಪೆಲ್ಲಿನ ಪಾತ್ರೆ ಕೆಡಿಸಿದ್ದು ನಾನು. ಬೆಲ್ಟಿಗೆ ಕತ್ತರಿ ಹಾಕಿದ್ದೆ. ಯಂತ್ರ ಉಲ್ಟಾ ತಿರುಗಿ ಬೆಳ್ಳಿನ ವಾಪಸ್ಸು ಎಳ್ಕೊಂತು" ಎಂದ.

ವೇಲನ ಕಿವಿ ಕೆಂಪಾಯಿತು. "ಅದನ್ನ ನಾನು ಹೇಳ್ಬೇಕಾಗಿತ್ತು" ಎಂದು ಗೊಣಗಿದ.

ಯಜಮಾನರು ಮೇಜಿನ ಮೇಲಿನ ಚಮಚವನ್ನೇ ನೋಡುತ್ತಿದ್ದರು. "ಆ ಚಾಪೆಲ್ಲಿನವರು ಇವತ್ತಿಗೂ ನನ್ನ ಕಂಡ್ರೆ ರಸ್ತೆ ದಾಟಿ ಆಚೆ ಹೋಗ್ತಾರೆ. ನಿನ್ನನ್ನ 'ಪರವಾಗಿಲ್ಲ, ಹೋಗಿ ಕೂತ್ಕೋ' ಅಂತ ಕಳಿಸಿದ್ರೆ ನಾಳೆ ಇಡೀ ಮಿಲ್ಲು ನನ್ನ ತಲೆ ಮೇಲೆ ಕೂರುತ್ತೆ ಈನಾಕ್."

"ನನ್ನನ್ನ ತೆಗೀರಿ ಯಜಮಾನ್ರೆ. ಅವಳನ್ನ ವಾಪಸ್ಸು ಕರೀರಿ. ಅವಳದ್ದೇನೂ ತಪ್ಪಿಲ್ಲ."

"ಅವಳು ನಾಳೆಯಿಂದ ಬರ್ಲಿ. ನೀನು ಇವತ್ತಿಗೆ ಸಾಕು."

ಅಷ್ಟೇ. ಕ್ಷಮೆ ಗಿಮೆ ಏನೂ ಇಲ್ಲ. ಯಜಮಾನರು ಕೆಟ್ಟವರಲ್ಲ, ಆದರೆ ತಪ್ಪಾಯಿತು ಎನ್ನುವ ಮಾತಿಗೆ ಅವರ ಬಾಯಿಯಲ್ಲಿ ಜಾಗವಿರಲಿಲ್ಲ.

ವೇಲ್ ಕೆಳಗಿಳಿದು ಬಂದು, ಇನ್ನು ಯಾರೂ ಎಡವಬಾರದೆಂದು, ಚಕ್ರ ತಿರುಗಬೇಕಾದ ದಿಕ್ಕಿಗೆ ಒಂದು ಬಾಣ ಬರೆಯಲು ಕೆಂಪು ಬಣ್ಣ ತರಿಸಿದ. ಈನಾಕ್ ಕೋಟು ಹಾಕಿಕೊಂಡವನು ಹಿಂತಿರುಗಿ ಕುಂಚಕ್ಕೆ ಕೈ ಚಾಚಿದ.

"ನಾನು ಬರೀತೀನಿ ಕೊಡಿ ಸಾಹೇಬ್ರೆ."

"ಬೇಡ ಬಿಡಪ್ಪಾ, ನಿನ್ನ ಕೈಲಿ ನೆಟ್ಟಗೆ ಬರಲ್ಲ."

"ನೆಟ್ಟಗಿದ್ರೆ ಯಾರು ನೋಡ್ತಾರೆ? ಡೊಂಕಾಗಿದ್ರೆ ನಿಂತು ನೋಡ್ತಾರೆ."

ಎರಡೂ ಕೈಯಲ್ಲಿ ಕುಂಚ ಹಿಡಿದು ಬರೆದ. ನಾನು ಬಣ್ಣದ ಡಬ್ಬಿ ಹಿಡಿದುಕೊಂಡಿದ್ದೆ. ಬಾಗಿಲಲ್ಲಿ ನಿಂತ ಸ್ಯಾಂಪ್ಸನ್ ಕೂಡ ನಗಲಿಲ್ಲ. ಬರೆದು ಮುಗಿಸಿ ಈನಾಕ್ ಕೈ ಒರೆಸಿಕೊಂಡು ಮನೆಗೆ ನಡೆದ. ಅವತ್ತಿನ ನಂತರ ಅವನಿಗೆ ಎಲ್ಲೂ ಕೆಲಸ ಸಿಗಲಿಲ್ಲ, ಸ್ಯಾಂಪ್ಸನ್ ಹೇಳಿದ್ದು ಸುಳ್ಳಾಗಲಿಲ್ಲ.

ಸಂಜೆ ಕೆಜಾಯಾ ಹೊಗೆಯ ವಾಸನೆ ಹೊತ್ತು ಮನೆಗೆ ಬಂದಾಗ ಅವನು ಎಲ್ಲವನ್ನೂ ಹೇಳಿದ. ಆಮೇಲೆ ಅವಳ ದನಿ.

"ಕೆಲಸ ಹೋಗಿದ್ದಕ್ಕೆ ನಂಗೆ ಬೇಜಾರಿಲ್ಲ. ಬೆಲ್ಟು ಯಾರು ಬೇಕಾದ್ರೂ ತಪ್ಪು ಹಾಕ್ತಾರೆ. ಆದ್ರೆ ಕೈ ತೊಳ್ಕೊಂಡಿದ್ಯಾ ಅಂತ ನನ್ನ ಕೇಳಿದ್ಯಲ್ಲ, ನೀನು."

"ಕೇಳಿದೆ."

"ಊರು ಕೇಳ್ಲಿ. ನೀನು ಕೇಳಿದೆ."

"ತಪ್ಪಾಯ್ತು ಕಣೇ."

"ಆಯ್ತಲ್ಲ? ಹಾಗಾದ್ರೆ ನಾಳೆಯಿಂದ ನನ್ನ ಬಟ್ಟೆ ನೀನೇ ತೊಳಿ."

ಅವನು ತೊಳೆದ. ನಮ್ಮ ವಠಾರದ ಬಟ್ಟೆ ಒಗೆಯುವ ಕೊಟ್ಟಿಗೆಯಲ್ಲಿ ಅದುವರೆಗೆ ಯಾವ ಗಂಡಸೂ ತೋಳೇರಿಸಿ ನಿಂತದ್ದಿಲ್ಲ. ಹೆಂಗಸರು ಮೊದಲು ಮುಸಿಮುಸಿ ನಕ್ಕರು, ಆಮೇಲೆ ಸೌಳು ಎಷ್ಟು ಹಾಕಬೇಕೆಂದು ಹೇಳಿಕೊಟ್ಟರು. ಅವನ ಕೈಯ ನಡುಕಕ್ಕೆ ಬಟ್ಟೆ ತಾನೇ ಅಲುಗಿ ಶುಭ್ರವಾಗುತ್ತದೆಂದು ಅವನೇ ತಮಾಷೆ ಮಾಡುತ್ತಿದ್ದ. ಆಲೂಗಡ್ಡೆ ಸುಲಿದ, ನೀರು ಹೊತ್ತ, ಒಲೆ ಹಚ್ಚಿದ. ಕೆಜಾಯಾಳ ದುಡಿಮೆಯಲ್ಲೇ ಇಬ್ಬರೂ ಬದುಕಿದರು. ನಾಚಿಕೆಯೆಂದು ಅವನು ಒಮ್ಮೆಯೂ ಹೇಳಿದ್ದನ್ನು ನಾನು ಕೇಳಿಲ್ಲ.

ಆದರೆ ಒಂದು ಚಾಳಿ ಅವನಿಗೆ ಹತ್ತಿಕೊಂಡಿತು. ಸಂಜೆ ಅವಳು ಬಂದು ಕುಳಿತು ಚಹಾ ಕುಡಿಯುವಾಗ, ಅವನು ಎದುರಿಗೆ ಕುಳಿತು ಅವಳ ಬಸಿಯನ್ನೇ ನೋಡುತ್ತಿದ್ದ. ಮೊದಲ ದಿನಗಳಲ್ಲಿ ಅದು ಕಟಕಟ ಎನ್ನುತ್ತಿತ್ತು. "ನೋಡಬೇಡ ಕಣೋ, ನೀನು ನೋಡಿದ್ರೆ ಜಾಸ್ತಿ ಆಗುತ್ತೆ" ಎಂದು ಅವಳು ಗದರುತ್ತಿದ್ದಳು. ಅವನು ಬಿಡುತ್ತಿರಲಿಲ್ಲ. ನಾನೂ ಗೋಡೆಯ ಈಚೆ ಕಿವಿಯಿಟ್ಟು ಕೇಳುತ್ತಿದ್ದೆ, ಒಪ್ಪಿಕೊಳ್ಳುತ್ತೇನೆ. ಬೇಸಿಗೆ ಮುಗಿಯುವ ಹೊತ್ತಿಗೆ ಆ ಸದ್ದು ನಿಂತಿತು. ಅವನು ನೋಡುವುದು ಮಾತ್ರ ನಿಲ್ಲಲಿಲ್ಲ.

ಈನಾಕ್ ಹೋಗಿ ಈಗ ಕೆಲವು ವರ್ಷಗಳಾದವು. ಎದೆಯ ಕಾಯಿಲೆ. ಹೂಳಿ ಬಂದ ಮೇಲೆ ವಠಾರದವರೆಲ್ಲ ಅವರ ಮನೆಯಲ್ಲಿ ಸೇರಿದರು. ನಾನು ಚಹಾ ಬಗ್ಗಿಸುತ್ತೇನೆಂದೆ, ಕೆಜಾಯಾ ಬಿಡಲಿಲ್ಲ. ಭಾರದ ಕೆಟಲನ್ನು ಒಂದೇ ಕೈಯಲ್ಲಿ ಎತ್ತಿ ಎಲ್ಲರಿಗೂ ತಾನೇ ಬಗ್ಗಿಸಿದಳು. ಸ್ಯಾಂಪ್ಸನ್ ಕಪ್ಪು ತೆಗೆದುಕೊಳ್ಳುವಾಗ ಮುಖ ಬೇರೆ ಕಡೆ ತಿರುಗಿಸಿಕೊಂಡ. ಕೊನೆಗೆ ತನಗೊಂದು ಕಪ್ಪು ತುಂಬಿಸಿಕೊಂಡು ನನ್ನ ಪಕ್ಕ ಬಂದು ಕುಳಿತಳು. ಎದುರಿನ ಕುರ್ಚಿ ಖಾಲಿ ಇತ್ತು. ಬಹಳ ಹೊತ್ತು ಅದನ್ನೇ ನೋಡಿದಳು.

"ದಿನಾ ನನ್ನ ಬಸಿ ನೋಡ್ತಿದ್ದ ಅಕ್ಕಾ" ಎಂದಳು. "ಇನ್ಯಾರು ನೋಡ್ತಾರೆ?"

ನಾನು ಬಗ್ಗಿ ಅವಳ ಕಪ್ಪನ್ನೆತ್ತಿ ನೋಡಿದೆ. ಬಸಿ ಒಣಗಿಯೇ ಇತ್ತು, ಒಂದು ಹನಿ ಚಹಾನೂ ಬಿದ್ದಿರಲಿಲ್ಲ. ಹಾಗೆಂದು ಅವಳಿಗೆ ಹೇಳಿದೆ.